ತೀರ್ಪನ್ನು ತಿದ್ದುವ ತೀರ್ಪು

(ಶಾಲಾ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಶಾಲೆಯೊಂದರ ನೂರು ವರ್ಷದ ಹಬ್ಬದಲ್ಲಿ ಸರ್ವೋಚ್ಚ ನ್ಯಾಯಾಲಯದ ವಿಚಾರವೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಅದಕ್ಕೆ ಉತ್ತರ ಹೇಳಿಯೇ ಮುಂದುವರಿಯುತ್ತೇವೆ. ಈ ಶಾಲೆ ಆರಂಭವಾದಾಗ ಹೊಸೂರು ತಾಲ್ಲೂಕು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆ ರೂಪುಗೊಂಡಾಗ ನಾವು ಅಲ್ಲಿಗೆ ಸೇರಿದೆವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಹೀಗೆ ಬದಲಾಗುತ್ತ ಹೋದರೂ ತರಗತಿಯ ಕಪ್ಪುಹಲಗೆಯ ಮೇಲಿನ ಕನ್ನಡ ಅಕ್ಷರ ಅಳಿಯಲಿಲ್ಲ. ಇದಕ್ಕೆ ಮೊದಲ ಕಾರಣ ತಂದೆತಾಯಂದಿರ ನಂಬಿಕೆ; ಎರಡನೆಯದು ನಮ್ಮ ಹಿಂದಿನ ಉಪಾಧ್ಯಾಯರ ದುಡಿಮೆ. ಮೂರನೆಯ ಕಾರಣವೊಂದಿದೆ, ಅದು ಕಣ್ಣಿಗೆ ಕಾಣುವಂಥದಲ್ಲ. ನಮ್ಮ ಸಂವಿಧಾನದ 29 ಮತ್ತು 30ನೆಯ ವಿಧಿಗಳು, 1956ರಲ್ಲಿ ಸೇರಿಸಲಾದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ನುಡಿಯನ್ನು ಉಳಿಸಿಕೊಳ್ಳುವ, ತಮ್ಮ ಶಾಲೆಯನ್ನು ನಡೆಸುವ, ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಕೆ ಪಡೆಯುವ ಆಸರೆಯನ್ನು ಒದಗಿಸಿವೆ.

ಆ ವಿಧಿಗಳಲ್ಲಿರುವುದು ಕೆಲವೇ ಸಾಲುಗಳು. ಅವುಗಳ ಅರ್ಥವೇನು, ವ್ಯಾಪ್ತಿಯೆಷ್ಟು ಎಂಬುದನ್ನು ಕೊನೆಯದಾಗಿ ಹೇಳುವ ಅಧಿಕಾರ ಸರ್ವೋಚ್ಚ ನ್ಯಾಯಾಲಯದ್ದು. ಹಾಗಾದರೆ ಇಂದು ಒಂದು ಅರ್ಥ ಹೇಳಿದ ಆ ನ್ಯಾಯಾಲಯ ನಾಳೆ ಇನ್ನೊಂದು ಅರ್ಥ ಹೇಳಬಹುದೇ? ಹೇಳಬಹುದಾದರೆ ಯಾವಾಗ, ಯಾವ ಕಾರಣಕ್ಕೆ, ಯಾವ ಕ್ರಮದಲ್ಲಿ? ನಮ್ಮಂತಹ ಶಾಲೆಯ ಚಾವಣಿ ಈ ಪ್ರಶ್ನೆಯ ಉತ್ತರದ ಮೇಲೆಯೇ ನಿಂತಿದೆ. ಆದುದರಿಂದ ಇದು ವಕೀಲರಿಗೆ ಮಾತ್ರ ಬಿಟ್ಟುಬಿಡಬಹುದಾದ ವಿಷಯವಲ್ಲ ಎಂಬುದು ನಮ್ಮ ಭಾವನೆ.

ಮೊದಲು ಪೂರ್ವನಿದರ್ಶನವೆಂದರೇನು ಎಂಬುದನ್ನು ಮಕ್ಕಳಿಗೂ ತಿಳಿಯುವಂತೆ ಹೇಳುತ್ತೇವೆ. ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಕಾನೂನಿನ ಪ್ರಶ್ನೆಯೊಂದನ್ನು ತೀರ್ಮಾನಿಸಿದರೆ, ಮುಂದೆ ಅದೇ ಬಗೆಯ ಪ್ರಶ್ನೆ ಬಂದಾಗ ಅದೇ ತೀರ್ಮಾನವನ್ನು ಅನುಸರಿಸಬೇಕು. ಹಾಗೆ ಅನುಸರಿಸಬೇಕಾದ ಹಿಂದಿನ ತೀರ್ಪೇ ಪೂರ್ವನಿದರ್ಶನ. ಒಂದೇ ಉತ್ತರವನ್ನು ಬರೆದ ಇಬ್ಬರು ಮಕ್ಕಳಿಗೆ ಉಪಾಧ್ಯಾಯರು ಬೇರೆ ಬೇರೆ ಅಂಕ ಕೊಟ್ಟರೆ ಮಕ್ಕಳು ಒಪ್ಪುವುದಿಲ್ಲ. ಅದರಂತೆಯೇ ಒಂದೇ ಸ್ಥಿತಿಯಲ್ಲಿರುವ ಇಬ್ಬರು ಪ್ರಜೆಗಳಿಗೆ ಎರಡು ನ್ಯಾಯ ಸಲ್ಲದು. ಜೊತೆಗೆ ಕಾನೂನು ಹೀಗಿದೆಯೆಂದು ನಂಬಿ ಜನ ಹೊಲ ಕೊಳ್ಳುತ್ತಾರೆ, ಅಂಗಡಿ ತೆರೆಯುತ್ತಾರೆ, ಶಾಲೆ ಕಟ್ಟುತ್ತಾರೆ. ಆ ನಂಬಿಕೆ ವರ್ಷಕ್ಕೊಮ್ಮೆ ಅಲುಗಾಡುವಂತಿರಬಾರದು. ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು ಭಾರತದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆಂದು ಸಂವಿಧಾನದ 141ನೆಯ ವಿಧಿ ಹೇಳುವುದು ಇದೇ ಕಾರಣಕ್ಕೆ.

ಆದರೆ ಉತ್ತರಸೂಚಿಯೇ ತಪ್ಪಾಗಿದ್ದರೆ ಏನು ಮಾಡಬೇಕು? ಇಂಗ್ಲೆಂಡಿನ ಉನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ತನ್ನ ತೀರ್ಪನ್ನು ತಾನೇ ಮೀರಲಾಗದೆಂದು 1898ರಲ್ಲಿ ಹೇಳಿಕೊಂಡಿತು. ತಪ್ಪಿದ್ದರೆ ಪಾರ್ಲಿಮೆಂಟು ಸರಿಪಡಿಸಲಿ ಎಂಬುದು ಅದರ ನಿಲುವು. ಆ ಕಟ್ಟನ್ನು ಅದು ಸಡಿಲಿಸಿಕೊಂಡದ್ದು 1966ರಲ್ಲಿ. ನಮ್ಮ ನೆಲದ ನ್ಯಾಯಚಿಂತನೆಯಲ್ಲಿ ಈ ಪ್ರಶ್ನೆ ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ಆಸ್ತಿಯ ಪಾಲಿನಲ್ಲಿ ಹಿರಿಯ ಮಗನಿಗೆ ಹೆಚ್ಚು ಕೊಡುವ ಪದ್ಧತಿ ಶಾಸ್ತ್ರದಲ್ಲಿದ್ದರೂ ಲೋಕವು ಅದನ್ನು ಒಪ್ಪದಿರುವುದರಿಂದ ಆಚರಿಸತಕ್ಕದ್ದಲ್ಲವೆಂದು ವಾದಿಸಿದನು. ಹಳೆಯ ವಚನಕ್ಕೆ ಗೌರವ ಕೊಡುತ್ತಲೇ ಅದರಿಂದ ಸರಿಯಲು ಕಾರಣ ಹೇಳುವ ಕ್ರಮ ಕನ್ನಡ ನೆಲಕ್ಕೆ ಹೊಸದಲ್ಲ.

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು 1955ರ ಬೆಂಗಾಲ್ ಇಮ್ಯುನಿಟಿ ಕಂಪನಿಯ ಮೊಕದ್ದಮೆಯಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, ಯುನೈಟೆಡ್ ಮೋಟಾರ್ಸ್ ಮೊಕದ್ದಮೆಯಲ್ಲಿ, ಸರಕು ತಲುಪಿದ ರಾಜ್ಯವು ಹೊರರಾಜ್ಯದ ವರ್ತಕನ ಮೇಲೆ ಮಾರಾಟ ತೆರಿಗೆ ಹಾಕಬಹುದೆಂದು ಅದೇ ನ್ಯಾಯಾಲಯ ಹೇಳಿತ್ತು. ನಮ್ಮ ಗಡಿಯ ಜನಕ್ಕೆ ಇದರ ತೊಡಕು ಸುಲಭವಾಗಿ ಅರ್ಥವಾಗುತ್ತದೆ. ಹೊಸೂರಿನ ವರ್ತಕನೊಬ್ಬ ಬೆಂಗಳೂರಿಗೂ ಚಿತ್ತೂರಿಗೂ ಸರಕು ಕಳುಹಿಸಿದರೆ ಅವನು ಮೂರು ರಾಜ್ಯಗಳ ತೆರಿಗೆ ಕಚೇರಿಗಳಲ್ಲಿ ಲೆಕ್ಕ ಒಪ್ಪಿಸಬೇಕು. ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕಕ್ಕೆ ಮೂರರ ಬಹುಮತದಿಂದ ಹಿಂದಿನ ನಿಲುವನ್ನು ಕೈಬಿಟ್ಟಿತು. 141ನೆಯ ವಿಧಿಯ ‘ಎಲ್ಲ ನ್ಯಾಯಾಲಯಗಳು’ ಎಂಬ ಮಾತಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸೇರುವುದಿಲ್ಲ, ತಪ್ಪಿನಿಂದ ಸಾರ್ವಜನಿಕ ಹಿತಕ್ಕೆ ಕೇಡಾಗುತ್ತಿದ್ದರೆ ತನ್ನ ಹಿಂದಿನ ತೀರ್ಪಿನಿಂದ ಸರಿಯಲು ಅದಕ್ಕೆ ಅಡ್ಡಿಯಿಲ್ಲ ಎಂಬುದು ಅಂದು ಸ್ಥಿರಪಟ್ಟಿತು. ಆದರೆ ಅಷ್ಟರೊಳಗೆ ರಾಜ್ಯಗಳು ಹಳೆಯ ತೀರ್ಪನ್ನು ನಂಬಿ ತೆರಿಗೆ ವಸೂಲು ಮಾಡಿಬಿಟ್ಟಿದ್ದವು. ಆ ವಸೂಲಾತಿಯನ್ನು ಸಕ್ರಮಗೊಳಿಸಲು ಸಂಸತ್ತು 1956ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಸರಿಯಾದ ಬದಲಾವಣೆಗೂ ಬೆಲೆ ತೆರಬೇಕಾಗುತ್ತದೆ ಎಂಬ ಪಾಠ ಮೊದಲ ಮೊಕದ್ದಮೆಯಲ್ಲಿಯೇ ದೊರೆಯಿತು.

ಹತ್ತು ವರ್ಷಗಳ ಅನಂತರ, 1965ರ ಕೇಶವ ಮಿಲ್ಸ್ ಮೊಕದ್ದಮೆಯಲ್ಲಿ, ಯಾವ ಸಂಗತಿಗಳನ್ನು ತೂಗಿ ನೋಡಬೇಕೆಂಬುದನ್ನು ನ್ಯಾಯಾಲಯ ವಿವರಿಸಿತು. ಹಿಂದಿನ ತೀರ್ಪಿನ ದೋಷ ಯಾವ ಬಗೆಯದು? ಸ್ಪಷ್ಟವಾದ ಅಂಶವೊಂದು ಆಗ ಗಮನಕ್ಕೆ ಬಾರದೆ ಹೋಗಿತ್ತೇ? ಆ ತೀರ್ಪನ್ನು ಅನಂತರದ ಪೀಠಗಳೂ ಉಚ್ಚ ನ್ಯಾಯಾಲಯಗಳೂ ಅನುಸರಿಸುತ್ತ ಬಂದಿವೆಯೇ? ಈಗ ಅದನ್ನು ತಿರುಗಿಸಿದರೆ ಜನರಿಗೆ ತೊಂದರೆಯಾದೀತೇ? ಬೇರೆ ಅಭಿಪ್ರಾಯವೂ ಸಾಧ್ಯ ಎಂಬಷ್ಟೇ ಕಾರಣಕ್ಕೆ ಹಳೆಯ ತೀರ್ಪನ್ನು ಬದಲಿಸತಕ್ಕದ್ದಲ್ಲ. ಸಾರ್ವಜನಿಕ ಹಿತದ ಬಲವಾದ ಒತ್ತಾಯವಿರಬೇಕು. ಇದರೊಂದಿಗೆ ಪೀಠದ ಗಾತ್ರದ ನಿಯಮವೂ ಇದೆ. ಐವರು ನ್ಯಾಯಮೂರ್ತಿಗಳ ತೀರ್ಪನ್ನು ಇನ್ನೊಂದು ಐವರ ಪೀಠ ತಳ್ಳಿಹಾಕುವಂತಿಲ್ಲ. ಸಂದೇಹವಿದ್ದರೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟು ದೊಡ್ಡ ಪೀಠವನ್ನು ಕೋರಬೇಕು. 2004ರಲ್ಲಿ ದಾವೂದಿ ಬೋಹ್ರಾ ಸಮುದಾಯದ ಮೊಕದ್ದಮೆಯಲ್ಲಿ ನ್ಯಾಯಾಲಯ ಈ ಶಿಸ್ತನ್ನು ಮತ್ತೊಮ್ಮೆ ದೃಢಪಡಿಸಿತು.

ನಿಯಮಗಳನ್ನು ಕೇಳಿದ್ದಾಯಿತು. ಅವು ನಿಜವಾದ ಪರೀಕ್ಷೆಗೆ ಒಳಗಾದದ್ದನ್ನು ನೋಡಲು ನಮ್ಮಂತೆಯೇ ಗಡಿಯಲ್ಲಿರುವ ಇನ್ನೊಂದು ಕನ್ನಡ ನೆಲಕ್ಕೆ ಹೋಗೋಣ. ಕಾಸರಗೋಡು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಮೇಲೆ ಕೇರಳದ ಪಾಲಾಯಿತು. ಅಲ್ಲಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಿತ್ತವರು. ಕೇರಳದ ಭೂಸುಧಾರಣಾ ಕಾನೂನು ಮಠದ ಭೂಮಿಗೆ ತಾಕಿದಾಗ ಅವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮಠದ ಜಮೀನಿನ ಅರ್ಜಿ ಬೆಳೆಯುತ್ತ ಹೋಗಿ, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬ ಮಹಾಪ್ರಶ್ನೆಯಾಯಿತು.

ಆ ಪ್ರಶ್ನೆಯ ಬಗ್ಗೆ ನ್ಯಾಯಾಲಯ ಅಷ್ಟರೊಳಗೆ ಒಮ್ಮೆ ಮನಸ್ಸು ಬದಲಿಸಿತ್ತು. 1951ರಲ್ಲಿ ಶಂಕರಿ ಪ್ರಸಾದ್ ಮೊಕದ್ದಮೆಯಲ್ಲಿ, ಬಳಿಕ ಸಜ್ಜನ್ ಸಿಂಗ್ ಮೊಕದ್ದಮೆಯಲ್ಲಿ, ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದೆಂದು ಅದು ಹೇಳಿತ್ತು. 1967ರಲ್ಲಿ ಗೋಲಕನಾಥ್ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕುಳಿತು, ಆರಕ್ಕೆ ಐದರ ಬಹುಮತದಿಂದ, ತಿದ್ದಲಾಗದೆಂದರು. ಆದರೆ ಮುಖ್ಯ ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಅವರು ಅಲ್ಲಿ ವಿವೇಕದ ಒಂದು ಹೆಜ್ಜೆಯನ್ನಿಟ್ಟರು. ಹೊಸ ತೀರ್ಪು ಮುಂದಿನ ದಿನಗಳಿಗೆ ಮಾತ್ರ ಅನ್ವಯಿಸುವುದೆಂದೂ, ಅದಾಗಲೇ ಜಾರಿಗೆ ಬಂದಿದ್ದ ತಿದ್ದುಪಡಿಗಳು ಹಾಗೆಯೇ ಉಳಿಯುವುವೆಂದೂ ಹೇಳಿದರು. ಹಳೆಯ ತಿದ್ದುಪಡಿಗಳ ಬಲದಿಂದ ದೇಶದಾದ್ಯಂತ ಲಕ್ಷಾಂತರ ಎಕರೆ ಭೂಮಿ ಕೈಬದಲಾಗಿತ್ತು. ಅದನ್ನೆಲ್ಲ ಹಿಂದಕ್ಕೆ ತಿರುಗಿಸಿದ್ದರೆ ಕೋಲಾಹಲವಾಗುತ್ತಿತ್ತು.

ಎಡನೀರು ಸ್ವಾಮಿಗಳ ಮೊಕದ್ದಮೆಗಾಗಿ ಹದಿಮೂರು ನ್ಯಾಯಮೂರ್ತಿಗಳ ಪೀಠ ರಚನೆಯಾಯಿತು. ವಾದ ನಡೆದದ್ದು 68 ದಿನ. 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಬಹುಮತದಿಂದ ತೀರ್ಪು ಹೊರಬಂದಿತು. ನ್ಯಾಯಾಲಯ ಗೋಲಕನಾಥ್ ತೀರ್ಪನ್ನು ಕೈಬಿಟ್ಟಿತು. ಹಾಗೆಂದು 1951ರ ನಿಲುವಿಗೆ ಮರಳಲಿಲ್ಲ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಸ್ವಾಮಿಗಳಿಗೆ ಭೂಮಿಯ ವಿಚಾರದಲ್ಲಿ ಅದರಿಂದ ಲಾಭವಾಗಲಿಲ್ಲ. ಅವರ ಹೆಸರು ಮಾತ್ರ ದೇಶದ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿಯೂ ಇಂದಿಗೂ ಕೇಳಿಬರುತ್ತಿದೆ. ಆರು ವರ್ಷದ ಹಿಂದಿನ ತೀರ್ಪನ್ನು ಬಿಡುವಾಗ ನ್ಯಾಯಾಲಯ ಸಂಸತ್ತಿನ ವಾದಕ್ಕೂ ಪ್ರಜೆಯ ಹಕ್ಕಿಗೂ ಸ್ಥಾನ ಕೊಡುವ ದಾರಿಯನ್ನು ಹುಡುಕಿತು ಎಂಬುದು ಇಲ್ಲಿ ಗಮನಿಸತಕ್ಕದ್ದು.

ಇದೇ ತೀರ್ಪಿನ ಮುಂದಿನ ಕಥೆ ಯಾವಾಗ ಬದಲಿಸಬಾರದು ಎಂಬುದನ್ನೂ ಕಲಿಸುತ್ತದೆ. 1975ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ ಅವರು ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಮತ್ತೆ ಹದಿಮೂರು ನ್ಯಾಯಮೂರ್ತಿಗಳ ಪೀಠವನ್ನು ಕೂಡಿಸಿದರು. ತೀರ್ಪು ಬಂದು ಮೂರು ವರ್ಷವೂ ಆಗಿರಲಿಲ್ಲ. ಅದರಿಂದ ಕೇಡಾಗಿದೆಯೆಂದು ತೋರಿಸುವ ಅನುಭವವಿರಲಿಲ್ಲ. ಬದಲಾಗಿದ್ದುದು ದೇಶದ ರಾಜಕೀಯ ಹವೆ ಮಾತ್ರ. ನಾನಿ ಪಾಲ್ಖಿವಾಲಾ ಅವರು ಮರುಪರಿಶೀಲನೆಯನ್ನು ಬಲವಾಗಿ ವಿರೋಧಿಸಿದರು. ಎರಡು ದಿನದ ವಾದದ ಬಳಿಕ, ನವೆಂಬರ್ 12ರಂದು, ಮುಖ್ಯ ನ್ಯಾಯಮೂರ್ತಿಗಳೇ ಆ ಪೀಠವನ್ನು ವಿಸರ್ಜಿಸಿದರು. ಐದು ವರ್ಷಗಳ ಅನಂತರ ಬೆಂಗಳೂರಿನ ಮಿನರ್ವ ಮಿಲ್ಸಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಮೂಲ ರಚನೆಯ ತತ್ತ್ವವನ್ನು ಎತ್ತಿಹಿಡಿದು, 42ನೆಯ ತಿದ್ದುಪಡಿಯ ಎರಡು ಭಾಗಗಳನ್ನು ಅಸಿಂಧುಗೊಳಿಸಿತು. ಆಳುವವರಿಗೆ ಅನನುಕೂಲವೆಂಬುದು ತೀರ್ಪನ್ನು ಬದಲಿಸಲು ತಕ್ಕ ಕಾರಣವಾಗಲಾರದು.

ಮೂರನೆಯ ಪ್ರಸಂಗವೂ ಕನ್ನಡ ನಾಡಿಗೆ ಸಂಬಂಧಿಸಿದ್ದು. 1975ರ ಜೂನ್ 26ರಂದು ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನಲ್ಲಿ ಬಂಧಿಸಲಾಯಿತು. ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ದೇಶದ ನಾನಾ ಕಡೆ ಸಲ್ಲಿಸಿದ್ದ ಇಂತಹ ಅರ್ಜಿಗಳ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1976ರ ಏಪ್ರಿಲ್ 28ರಂದು, ಜಬಲ್ಪುರದ ಮೊಕದ್ದಮೆಯೆಂದು ಹೆಸರಾದ ತೀರ್ಪಿನಲ್ಲಿ, ನಾಲ್ವರು ನ್ಯಾಯಮೂರ್ತಿಗಳು ತುರ್ತು ಪರಿಸ್ಥಿತಿಯಲ್ಲಿ ಬಂಧಿತನು ತನ್ನ ಬಂಧನವನ್ನು ಪ್ರಶ್ನಿಸಲಾರನೆಂದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಸೇವಾಹಿರಿತನದಲ್ಲಿ ಮುಂದಿದ್ದರೂ ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ದೊರೆಯಲಿಲ್ಲ, ಅವರು ರಾಜೀನಾಮೆಯಿತ್ತರು. ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಅಮಾನತು ಮಾಡಲಾಗದಂತೆ 1978ರ 44ನೆಯ ತಿದ್ದುಪಡಿ ಸಂವಿಧಾನವನ್ನು ಬದಲಿಸಿತು. ಆದರೆ ಆ ತೀರ್ಪು ಮಾತ್ರ ಕಾನೂನು ಗ್ರಂಥಗಳಲ್ಲಿ ಹಾಗೆಯೇ ಉಳಿದುಕೊಂಡಿತ್ತು.

ಅದನ್ನು ಅಳಿಸಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಖಾಸಗಿತನವು ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಎದ್ದಿತು. ಹಕ್ಕಲ್ಲವೆನ್ನಲು ಸರ್ಕಾರಕ್ಕೆ ಎರಡು ಹಳೆಯ ತೀರ್ಪುಗಳ ಆಧಾರವಿತ್ತು: 1954ರಲ್ಲಿ ಎಂಟು ನ್ಯಾಯಮೂರ್ತಿಗಳು ಕೊಟ್ಟ ಎಂ. ಪಿ. ಶರ್ಮಾ ತೀರ್ಪು, 1962ರಲ್ಲಿ ಆರು ನ್ಯಾಯಮೂರ್ತಿಗಳು ಕೊಟ್ಟ ಖರಕ್ ಸಿಂಗ್ ತೀರ್ಪು. ಎಂಟು ಮಂದಿಯ ಮಾತನ್ನು ಮೀರಬೇಕಾದರೆ ಒಂಬತ್ತು ಮಂದಿ ಕುಳಿತುಕೊಳ್ಳಬೇಕು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿ, ಆ ಎರಡು ತೀರ್ಪುಗಳು ಇದಕ್ಕೆ ವಿರುದ್ಧವಾಗಿದ್ದಷ್ಟರ ಮಟ್ಟಿಗೆ ಅವನ್ನು ತಳ್ಳಿಹಾಕಿದರು. ಜಬಲ್ಪುರದ ತೀರ್ಪೂ ಅಂದೇ ಬಿದ್ದುಹೋಯಿತು. 1976ರ ಬಹುಮತದಲ್ಲಿ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಇದ್ದರು, ಅದನ್ನು ಗಂಭೀರ ದೋಷವುಳ್ಳದ್ದೆಂದು ಬರೆದವರು ಅವರ ಮಗ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್. ಹಿರಿಯರ ಮೇಲಿನ ಗೌರವವೂ ಹಿರಿಯರ ತೀರ್ಮಾನದ ವಿಮರ್ಶೆಯೂ ಒಟ್ಟಿಗೆ ಇರಬಲ್ಲವು ಎಂಬುದನ್ನು ನಮ್ಮ ಮಕ್ಕಳು ಇದರಿಂದ ತಿಳಿಯಬಹುದು.

ಶಾಲೆಗೆ ಹತ್ತಿರವಾದ ಇನ್ನೊಂದು ನಿದರ್ಶನ ಅಮೆರಿಕದ್ದು. ಧಾರ್ಮಿಕ ನಂಬಿಕೆಯ ಕಾರಣದಿಂದ ಧ್ವಜವಂದನೆ ಮಾಡದ ಮಕ್ಕಳನ್ನು ಶಾಲೆಯಿಂದ ಹೊರಹಾಕಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1940ರಲ್ಲಿ ಎಂಟಕ್ಕೆ ಒಂದರ ಬಹುಮತದಿಂದ ಹೇಳಿತು. ಮೂರೇ ವರ್ಷಗಳಲ್ಲಿ, 1943ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಆರಕ್ಕೆ ಮೂರರ ಬಹುಮತದಿಂದ ಅದನ್ನು ತಿರುಗಿಸಿತು. ಮೊದಲ ತೀರ್ಪಿಗೆ ಸಹಿ ಹಾಕಿದ್ದ ಮೂವರು ನ್ಯಾಯಮೂರ್ತಿಗಳೇ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದರು. ಮೊದಲ ತೀರ್ಪಿನ ಅನಂತರ ಆ ಪಂಥದವರ ಮೇಲೆ ಊರೂರುಗಳಲ್ಲಿ ನಡೆದ ಹಲ್ಲೆಗಳು ಎಲ್ಲರ ಕಣ್ಣಮುಂದಿದ್ದವು. ನಮ್ಮ ದೇಶದಲ್ಲಿ 1986ರಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಹಾಡದೆ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 1940ರ ತೀರ್ಪನ್ನು ತಿದ್ದಲು ಮೂರು ವರ್ಷ ಸಾಕಾಯಿತು, ಜಬಲ್ಪುರದ ತೀರ್ಪಿಗೆ ನಾಲ್ವತ್ತೊಂದು ವರ್ಷ ಬೇಕಾಯಿತು. ಆದುದರಿಂದ ತೀರ್ಪಿನ ವಯಸ್ಸೊಂದೇ ಅಳತೆಗೋಲಾಗದು.

ಮಾನ್ಯರೇ, ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ನಾಲ್ಕು ಪ್ರಶ್ನೆಗಳು ಮುಖ್ಯವೆನ್ನಿಸುತ್ತವೆ. ಮೊದಲನೆಯದು, ಹಿಂದಿನ ತೀರ್ಪು ತಪ್ಪೆಂದು ತೋರಿಸುವ ಕಾರಣವು ನ್ಯಾಯಮೂರ್ತಿಗಳು ಬದಲಾದರೂ ನಿಲ್ಲುವಂಥದೇ? ಎರಡನೆಯದು, ಬದಲಾವಣೆಯಿಂದ ದುರ್ಬಲನಾದ ಪ್ರಜೆಯ ಸ್ವಾತಂತ್ರ್ಯ ಹಿಗ್ಗುವುದೋ ಕುಗ್ಗುವುದೋ? ಹಿಗ್ಗಿಸುವ ಬದಲಾವಣೆಗೆ ಬಾಗಿಲು ಸ್ವಲ್ಪ ಅಗಲವಾಗಿರಲಿ, ಕುಗ್ಗಿಸುವುದಕ್ಕೆ ಕಿರಿದಾಗಿರಲಿ. ಮೂರನೆಯದು, ಹಳೆಯ ತೀರ್ಪನ್ನು ನಂಬಿ ಬದುಕು ಕಟ್ಟಿಕೊಂಡವರ ಗತಿಯೇನು, ಅವರಿಗೆ ಕಾಲಾವಕಾಶವಿದೆಯೇ? ನಾಲ್ಕನೆಯದು ಕ್ರಮದ ಪ್ರಶ್ನೆ: ದೊಡ್ಡ ಪೀಠ, ತೆರೆದ ವಾದ, ಬರೆದಿಟ್ಟ ಕಾರಣ ಇವೆಲ್ಲ ಇವೆಯೇ? ಈ ನಾಲ್ಕಕ್ಕೂ ತೃಪ್ತಿಕರ ಉತ್ತರ ದೊರೆತರೆ ನ್ಯಾಯಾಲಯ ತನ್ನ ತೀರ್ಪನ್ನು ಬದಲಿಸಲು ಹಿಂಜರಿಯಬಾರದು.

ಆದರೆ ಇವುಗಳ ನಿಜವಾದ ಸತ್ತ್ವಪರೀಕ್ಷೆ ನಮ್ಮದೇ ವಿಷಯಕ್ಕೆ ಬಂದಾಗ ಆಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಗೆ ಒತ್ತುಕೊಟ್ಟ ಕರ್ನಾಟಕ ಸರ್ಕಾರದ 1989ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ 1993ರಲ್ಲಿ ಎತ್ತಿಹಿಡಿಯಿತು. 1994ರ ಮುಂದಿನ ಆದೇಶದ ಮೇಲಿನ ವಿವಾದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಹೋಯಿತು. 2014ರ ಮೇ 6ರಂದು ಆ ಪೀಠ ಹಳೆಯ ತೀರ್ಪಿನ ದಾರಿಯಲ್ಲಿ ಮುಂದುವರಿಯಲಿಲ್ಲ. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಪೋಷಕರು. ಭಾಷಾ ಅಲ್ಪಸಂಖ್ಯಾತರ ಮೇಲಾಗಲಿ, ಅನುದಾನವಿಲ್ಲದ ಖಾಸಗಿ ಶಾಲೆಗಳ ಮೇಲಾಗಲಿ, ಬೋಧನಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಈ ತೀರ್ಪು ಕರ್ನಾಟಕದ ಸಾಹಿತಿಗಳಿಗೂ ಶಿಕ್ಷಣ ಚಿಂತಕರಿಗೂ ನೋವು ತಂದಿತು. ಅದನ್ನು ಮರುಪರಿಶೀಲಿಸಬೇಕೆಂಬ ಕೂಗು ಅಲ್ಲಿ ಇನ್ನೂ ನಿಂತಿಲ್ಲ. ಕನ್ನಡ ಶಾಲೆಗಳು ಬರಿದಾಗುತ್ತಿರುವುದನ್ನು ಕಂಡವರ ಸಂಕಟ ನಮಗೂ ಅರ್ಥವಾಗುತ್ತದೆ.

ಆದರೆ ಗಡಿಯ ಈಚೆ ನಿಂತು ಅದೇ ತೀರ್ಪನ್ನು ಓದಿದರೆ ಬೇರೆಯೇ ಕಾಣುತ್ತದೆ. ಒಂದು ರಾಜ್ಯ ತನ್ನ ಭಾಷೆಯ ಮಾಧ್ಯಮವನ್ನು ಭಾಷಾ ಅಲ್ಪಸಂಖ್ಯಾತರ ಮೇಲೆ ಹೇರುವಂತಿಲ್ಲ ಎಂಬ ಮಾತು ಕರ್ನಾಟಕದಲ್ಲಿ ಕನ್ನಡಕ್ಕೆ ತಡೆಯಾಗಿ ಕಂಡರೆ, ತಮಿಳುನಾಡಿನಲ್ಲಿ ಕನ್ನಡಕ್ಕೆ ಕಾವಲಾಗಿದೆ. ಬೆಂಗಳೂರಿನ ಗೆಳೆಯರು ತೀರ್ಪು ಪೂರ್ತಿಯಾಗಿ ಹೋಗಬೇಕೆಂದು ಕೇಳಿದರೆ, ಅವರಿಗೆ ಅರಿವಿಲ್ಲದೆಯೇ ಹೊಸೂರಿನ, ಕಾಸರಗೋಡಿನ ಕನ್ನಡ ತರಗತಿಯ ಚಾವಣಿಯ ಹಂಚನ್ನೂ ಕೇಳಿದಂತಾಗುತ್ತದೆ. ಹಾಗೆಂದು ನಾವು ನಮ್ಮ ಅನುಕೂಲವೊಂದನ್ನೇ ನೋಡಿ ಅವರ ಅಹವಾಲನ್ನು ತಳ್ಳಿಹಾಕುವುದೂ ನ್ಯಾಯವಲ್ಲ.

ನಾಲ್ಕು ಪ್ರಶ್ನೆಗಳನ್ನು ಇಲ್ಲಿಗೆ ಅನ್ವಯಿಸಿದರೆ ನಮ್ಮ ಅಭಿಪ್ರಾಯ ಹೀಗಿದೆ. ತೀರ್ಪಿನ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಅಲ್ಪಸಂಖ್ಯಾತರ ಮೇಲೆ ಮಾಧ್ಯಮವನ್ನು ಹೇರಬಾರದೆಂಬ ಭಾಗ ದುರ್ಬಲರ ಸ್ವಾತಂತ್ರ್ಯವನ್ನು ಕಾಯುತ್ತದೆ, ಅದನ್ನು ನಂಬಿ ದೇಶದ ಎಲ್ಲ ಗಡಿಗಳಲ್ಲಿಯೂ ಶಾಲೆಗಳು ನಡೆಯುತ್ತಿವೆ, ಅದು ಉಳಿಯಬೇಕು. ಮಾತೃಭಾಷೆಯೆಂದರೇನು, ಎಳೆಯ ಮಗು ಯಾವ ಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ ಭಾಗದ ಬಗ್ಗೆ ಮರುಚಿಂತನೆ ಕೇಳುವುದರಲ್ಲಿ ಅರ್ಥವಿದೆ. 2009ರ ಶಿಕ್ಷಣ ಹಕ್ಕು ಕಾನೂನೇ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆ ಮಾಧ್ಯಮವಾಗಿರಲಿ ಎಂದಿದೆ. ಆದರೆ ಅದನ್ನು ಕೇಳುವವರು ಕಲಿಕೆಯ ಅನುಭವದ ಪುರಾವೆಗಳೊಡನೆ, ಇನ್ನೂ ದೊಡ್ಡ ಪೀಠದ ಮುಂದೆ, ಅಲ್ಪಸಂಖ್ಯಾತರ ರಕ್ಷಣೆಗೆ ಧಕ್ಕೆಯಾಗದಂತೆ ಕೇಳಬೇಕು. ಕರ್ನಾಟಕದ ಕನ್ನಡಿಗನೂ ಕರ್ನಾಟಕದ ತಮಿಳನೂ ತಮಿಳುನಾಡಿನ ಕನ್ನಡಿಗನೂ ಒಪ್ಪಬಹುದಾದ ಕಾರಣವೇ ಸರಿಯಾದ ಕಾರಣ. ಗಡಿ ದಾಟಿದೊಡನೆ ತಿರುಗಿಬೀಳುವ ವಾದದಿಂದ ಪೂರ್ವನಿದರ್ಶನವನ್ನು ಅಲುಗಿಸಬಾರದು.

ಈ ಅಳತೆಗೋಲನ್ನು ನಮಗೆ ನಾವೂ ಹಿಡಿದುಕೊಳ್ಳಬೇಕು. ಮಾಧ್ಯಮದ ಪ್ರಶ್ನೆ ಬೇರೆ, ಒಂದು ವಿಷಯವಾಗಿ ರಾಜ್ಯಭಾಷೆಯನ್ನು ಕಲಿಯುವ ಪ್ರಶ್ನೆ ಬೇರೆ. ಮಹಾರಾಷ್ಟ್ರದ ಗುಜರಾತಿ ಭಾಷಿಕರ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ವಿಷಯವಾಗಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿದಿದೆ. ನಮ್ಮ ರಾಜ್ಯದ 2006ರ ತಮಿಳು ಕಲಿಕೆ ಕಾನೂನು ಒಂದರಿಂದ ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಹತ್ತನೆಯ ತರಗತಿಯ ಪರೀಕ್ಷೆಯ ವಿಷಯದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಮಟ್ಟಿಗೆ ವಿನಾಯಿತಿಯನ್ನು ಮುಂದುವರಿಸಿತು. ತಮಿಳು ನಮ್ಮ ನೆರೆಹೊರೆಯ ನುಡಿ, ಸಂತೆಯ ನುಡಿ, ಅನೇಕರ ಮನೆಯೊಳಗಿನ ನುಡಿಯೂ ಹೌದು. ಅದನ್ನು ಕಲಿಯಲು ನಮ್ಮ ಮಕ್ಕಳಿಗೆ ಸಂತೋಷವೇ. ನಾವು ಬೇಡುವುದು ಇಷ್ಟೇ: ಆ ಕಲಿಕೆಯ ಹೊರೆಯಲ್ಲಿ ಕನ್ನಡ ಮೂಲೆಗೆ ಸರಿಯದಿರಲಿ, ಮಗುವಿನ ಭವಿಷ್ಯ ಪ್ರತಿವರ್ಷವೂ ಒಂದು ಮಧ್ಯಂತರ ಆದೇಶಕ್ಕಾಗಿ ಕಾಯದಿರಲಿ. ವರ್ಷದಿಂದ ವರ್ಷಕ್ಕೆ ತೂಗಾಡುವ ಅನಿಶ್ಚಿತತೆಯ ಭಾರ ಎಂತಹದೆಂಬುದನ್ನು ಪರೀಕ್ಷೆಗೆ ಕೂರುವ ಮಗುವನ್ನು ಕೇಳಿದರೆ ತಿಳಿಯುತ್ತದೆ.

ಅಲ್ಪಸಂಖ್ಯಾತ ಸಂಸ್ಥೆಗಳ ಕುರಿತು ಇತ್ತೀಚೆಗೆ ಇನ್ನೊಂದು ಮಹತ್ತ್ವದ ಬದಲಾವಣೆಯಾಗಿದೆ. ಕಾನೂನಿನ ಮೂಲಕ ಅಸ್ತಿತ್ವಕ್ಕೆ ಬಂದ ವಿಶ್ವವಿದ್ಯಾಲಯವನ್ನು ಅಲ್ಪಸಂಖ್ಯಾತರು ಸ್ಥಾಪಿಸಿದ್ದೆನ್ನಲಾಗದೆಂದು 1967ರಲ್ಲಿ ಅಜೀಜ್ ಬಾಷಾ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿತ್ತು. 2024ರ ನವೆಂಬರ್ 8ರಂದು, ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕಕ್ಕೆ ಮೂರರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಸಂಸ್ಥೆಯ ಕಲ್ಪನೆ ಯಾರದು, ಹಣ ಮತ್ತು ಶ್ರಮ ಯಾರದು, ಉದ್ದೇಶವೇನು ಎಂಬುದನ್ನು ನೋಡಬೇಕೆಂದಿತು. ಆ ವಿಶ್ವವಿದ್ಯಾಲಯದ ಸ್ಥಾನಮಾನದ ನಿರ್ಧಾರವನ್ನು ಮಾತ್ರ ಮುಂದಿನ ಪೀಠಕ್ಕೆ ಬಿಟ್ಟಿತು. ಶಾಲೆಯ ಹುಟ್ಟನ್ನು ಅರಿಯಬೇಕಾದರೆ ಅದನ್ನು ಕಟ್ಟಿದ ಜನರನ್ನು ನೋಡಬೇಕು ಎಂಬ ಈ ಮಾತು, ಊರವರ ಕೈಗಳಿಂದ ಎದ್ದುನಿಂತ ನಮ್ಮಂತಹ ಶಾಲೆಗಳಿಗೆ ಸಮಾಧಾನ ತರುವಂತಹುದು. ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆಯೊಂದಿದೆ. ತಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಈ ಶಾಲೆಯ ಹಳೆಯ ರಸೀತಿ, ದಾನಪತ್ರ, ದಾಖಲಾತಿ ಪುಸ್ತಕದ ಹಾಳೆ, ಸಭೆಯ ನಡಾವಳಿ ಏನಿದ್ದರೂ ದಯವಿಟ್ಟು ಶಾಲೆಗೆ ತಂದುಕೊಡಿ. ನಾಳೆ ಯಾವ ತೀರ್ಪು ಹೇಗೆ ತಿರುಗಿದರೂ, ನಮ್ಮ ಪರವಾಗಿ ಸಾಕ್ಷಿ ನುಡಿಯುವುದು ಆ ಕಾಗದಗಳೇ.

ಮಕ್ಕಳೇ, ನಿಮಗೊಂದು ಮಾತು. ನ್ಯಾಯಮೂರ್ತಿ ಖನ್ನಾ ಅವರಂತೆ ಒಂಟಿಯಾಗಿ ಬರೆದವರ ಅಭಿಪ್ರಾಯಗಳು ಎಷ್ಟೋ ವರ್ಷಗಳ ಮೇಲೆ ನ್ಯಾಯಾಲಯದ ಅಭಿಪ್ರಾಯವಾದದ್ದನ್ನು ಇಂದು ಕೇಳಿದಿರಿ. ಕಾರಣ ಕೊಟ್ಟು ಬರೆದ ಮಾತು ವ್ಯರ್ಥವಾಗುವುದಿಲ್ಲ. ನೀವೂ ಒಪ್ಪದಿದ್ದಾಗ ಕಾರಣ ಹೇಳಿರಿ, ಒಪ್ಪಿದಾಗಲೂ ಕಾರಣ ಹೇಳಿರಿ. ಅದನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಬಲ್ಲವರಾಗಿರಿ. ನಿಮ್ಮಲ್ಲಿ ಒಬ್ಬರಾದರೂ ಮುಂದೆ ವಕೀಲರಾಗಿ ಈ ಗಡಿನಾಡಿನ ಶಾಲೆಗಳ ಪರವಾಗಿ ವಾದಿಸಿದರೆ, ನಮಗಿಂತ ಹಿಂದೆ ಇಲ್ಲಿ ಪಾಠ ಹೇಳಿ ಹೋದ ಗುರುಗಳ ಶ್ರಮ ಸಾರ್ಥಕವಾದೀತು.

 ಶಾಲೆಯ ಎರಡನೆಯ ಶತಮಾನಕ್ಕೆ ತಮ್ಮೆಲ್ಲರ ಆಶೀರ್ವಾದವಿರಲಿ.